ಗಲ್ಲಾಪೆಟ್ಟಿಗೆ ಬೇರೆ, ಕಿಸೆ ಬೇರೆ

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ಒಂದು ಜೀನ್ಸ್ ಘಟಕವನ್ನು ಕಣ್ಣಮುಂದೆ ತಂದುಕೊಳ್ಳಿ. ಹನ್ನೆರಡು ಹೊಲಿಗೆ ಯಂತ್ರ, ಒಂದು ಕಟಿಂಗ್ ಟೇಬಲ್, ಶನಿವಾರ ಬಂತೆಂದರೆ ಬಟವಾಡೆ. ಅಣ್ಣ ಬಟ್ಟೆ ತರುತ್ತಾನೆ, ತಮ್ಮ ವ್ಯಾಪಾರಿಗಳನ್ನು ನೋಡಿಕೊಳ್ಳುತ್ತಾನೆ. ಬಂದ ರೊಕ್ಕ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಟೇಲರ್‌ಗಳ ಕೂಲಿ ಅಲ್ಲಿಂದಲೇ, ಮಗಳ ಕಾಲೇಜು ಫೀಸೂ ಅಲ್ಲಿಂದಲೇ. ಒಂದು ದಿನ ಹೊರರಾಜ್ಯದ ದೊಡ್ಡ ಖರೀದಿದಾರ ಬಂದು, ನಿಮ್ಮದು ಕಂಪನಿ ಆದರೆ ಮಾತ್ರ ಆರ್ಡರ್ ಕೊಡುತ್ತೇನೆ ಅನ್ನುತ್ತಾನೆ. ಅಣ್ತಮ್ಮರು ಓಡಾಡಿ ಕಂಪನಿ ಮಾಡಿಸುತ್ತಾರೆ. ಗಲ್ಲಾಪೆಟ್ಟಿಗೆ ಮಾತ್ರ ಮೊದಲಿನದೇ ಉಳಿಯುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ.

ಕಾನೂನಿನ ಕಣ್ಣಿಗೆ ಕಂಪನಿ ಅಂದರೆ ಆ ಮನೆಗೆ ಬಂದ ಮೂರನೆಯ ಆಸಾಮಿ. ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ಅದಕ್ಕೆ ತನ್ನದೇ ಪ್ಯಾನ್ ಇದೆ, ಬ್ಯಾಂಕ್ ಖಾತೆ ಇದೆ, ಸಾಲವೂ ಇದೆ. ಯಂತ್ರ ಅದರದು, ಬರಬೇಕಾದ ಉದ್ರಿಯೂ ಅದರದು. ಅಣ್ತಮ್ಮರದು ಷೇರು ಮಾತ್ರ. ಮುಂದೆ ಹೇಳುವ ನಿಯಮಗಳು ಬಹುಪಾಲು ಈ ಒಂದು ಮಾತಿನಿಂದ ಹುಟ್ಟಿದವು.

ಯಾವ ರೂಪ ಆರಿಸಬೇಕು? ಒಬ್ಬರೇ ಇದ್ದರೆ ಏಕವ್ಯಕ್ತಿ ಕಂಪನಿ, ಅದಕ್ಕೊಬ್ಬ ನಾಮಿನಿ ಬೇಕು. ಇಬ್ಬರಿದ್ದರೆ 2013ರ ಕಂಪನಿ ಕಾಯ್ದೆಯಡಿ ಪ್ರೈವೇಟ್ ಲಿಮಿಟೆಡ್, ಇಲ್ಲವೇ 2008ರ ಕಾಯ್ದೆಯಡಿ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ. ಗಂಗಾವತಿಯ ಭತ್ತದವರೋ ರಾಯಚೂರಿನ ಹತ್ತಿಯವರೋ ಹತ್ತು ಬೆಳೆಗಾರರು ಸೇರಿದರೆ ಉತ್ಪಾದಕರ ಕಂಪನಿಯೇ ಬೇರೆ ಇದೆ. ಅದಕ್ಕೆ ಕನಿಷ್ಠ ಐದು ನಿರ್ದೇಶಕರು ಬೇಕು. ಅದರ ಮಾತು ಇವತ್ತು ಬೇಡ.

ಪ್ರೈವೇಟ್ ಲಿಮಿಟೆಡ್ ಮತ್ತು ಎಲ್‌ಎಲ್‌ಪಿ ನಡುವೆ ಆರಿಸುವಾಗ ಎರಡು ಲೆಕ್ಕ ಹಾಕಿ. ಮೊದಲನೆಯದು ಆಡಿಟ್. ಕಂಪನಿಗೆ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ವರ್ಷವರ್ಷ ಆಡಿಟ್ ಆಗಲೇಬೇಕು. ಎಲ್‌ಎಲ್‌ಪಿ ಕಾಯ್ದೆಯಲ್ಲಿ ವಹಿವಾಟು 40 ಲಕ್ಷ ದಾಟಿದರೆ ಅಥವಾ ಪಾಲುದಾರರು ಹಾಕಿದ ಬಂಡವಾಳ 25 ಲಕ್ಷ ದಾಟಿದರೆ ಮಾತ್ರ. ಎರಡನೆಯದು ತೆರಿಗೆ. ಕಂಪನಿ ರಿಯಾಯಿತಿ ದರ ಆರಿಸಿಕೊಂಡರೆ 22 ಪರ್ಸೆಂಟ್, ತೆರಿಗೆಯ ಮೇಲೆ ಬೀಳುವ ಸರ್‌ಚಾರ್ಜ್, ಸೆಸ್ ಸೇರಿ 25ಕ್ಕಿಂತ ಸ್ವಲ್ಪ ಮೇಲೆ. ಎಲ್‌ಎಲ್‌ಪಿಗೆ 30 ಪರ್ಸೆಂಟ್, ಮೇಲೆ ಸೆಸ್. ಕಂಪನಿಯೇ ಅಗ್ಗ ಅನ್ನಿಸುತ್ತದೆ. ಆದರೆ ಕಂಪನಿ ಲಾಭವನ್ನು ಡಿವಿಡೆಂಡ್ ಅಂತ ಹಂಚಿದರೆ ತೆಗೆದುಕೊಂಡವರ ಕೈಯಲ್ಲಿ ಮತ್ತೊಮ್ಮೆ ತೆರಿಗೆ ಬೀಳುತ್ತದೆ. ಎಲ್‌ಎಲ್‌ಪಿಯ ಲಾಭದ ಪಾಲಿಗೆ ಎರಡನೇ ಸಲ ತೆರಿಗೆ ಇಲ್ಲ. ಹಾಗಾಗಿ ಲಾಭವನ್ನು ಹೊಸ ಯಂತ್ರಕ್ಕೇ ಹಾಕುವ ಯೋಚನೆ ಇದ್ದವರಿಗೆ ಕಂಪನಿ ಸರಿ. ವರ್ಷದ ಲಾಭ ವರ್ಷವೇ ಮನೆಗೆ ಒಯ್ಯುವವರಿಗೆ ಎಲ್‌ಎಲ್‌ಪಿ ಸರಿ. ಹೊರಗಿನವರು ಬಂಡವಾಳ ಹೂಡುವ ಸಂಭವ ಇದ್ದರೆ ಯೋಚನೆಯೇ ಬೇಡ, ಕಂಪನಿ.

ಎಲ್‌ಎಲ್‌ಪಿ ಮಾಡುವವರಿಗೆ ಒಂದು ಎಚ್ಚರಿಕೆ. ನೋಂದಣಿಯಾಗಿ 30 ದಿನದೊಳಗೆ ಪಾಲುದಾರಿಕೆ ಕರಾರುಪತ್ರವನ್ನು ಫಾರ್ಮ್ 3ರಲ್ಲಿ ಸಲ್ಲಿಸಬೇಕು. ಕರಾರಿನಲ್ಲಿ ಲಾಭದ ಪಾಲು ಬರೆಯದೆ ಬಿಟ್ಟರೆ ಕಾಯ್ದೆಯ ಮೊದಲ ಅನುಸೂಚಿ ತಾನೇ ಜಾರಿಗೆ ಬರುತ್ತದೆ. ಅದರ ಪ್ರಕಾರ ಎಲ್ಲರಿಗೂ ಸಮಪಾಲು. ಅಣ್ಣ 8 ಲಕ್ಷ ಹಾಕಿರಲಿ, ತಮ್ಮ 2 ಲಕ್ಷ ಹಾಕಿರಲಿ, ಲಾಭ ಮಾತ್ರ ಅರ್ಧ ಅರ್ಧ. ದುಡಿಯುವ ಪಾಲುದಾರನ ಸಂಬಳವನ್ನೂ ಕರಾರಿನಲ್ಲೇ ಬರೆಯಿಸಬೇಕು.

ಈಗ ಕಾಗದಪತ್ರ. ಕಂಪನಿಯ ನೋಂದಣಿ ಪೂರ್ತಿ ಆನ್‌ಲೈನ್, ಸ್ಪೈಸ್ ಪ್ಲಸ್ ಎಂಬ ಅರ್ಜಿಯಲ್ಲಿ. ಮೊದಲ ಭಾಗದಲ್ಲಿ ಹೆಸರು, ಎರಡನೆಯದರಲ್ಲಿ ಉಳಿದದ್ದು. ಅದನ್ನು ಪರಿಶೀಲಿಸುವವರು ಹರಿಯಾಣದ ಮಾನೇಸರ್‌ನಲ್ಲಿರುವ ಕೇಂದ್ರ ನೋಂದಣಿ ಕಚೇರಿಯವರು. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಕಡೆಯ ಹೆಸರುಗಳ ರೀತಿ ಅಲ್ಲಿನವರಿಗೆ ಗೊತ್ತಿಲ್ಲ. ಆಧಾರ್‌ನಲ್ಲಿ ಕೆ. ಮಲ್ಲಿಕಾರ್ಜುನ, ಪ್ಯಾನ್‌ನಲ್ಲಿ ಮಲ್ಲಿಕಾರ್ಜುನ ಕುರುಗೋಡು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೆ.ಎಂ. ಅರ್ಜುನ್. ಓಣಿಯಲ್ಲಿ ಮೂವರೂ ಒಬ್ಬರೇ ಅಂತ ಎಲ್ಲರಿಗೂ ಗೊತ್ತು. ಮಾನೇಸರ್‌ನ ಅಧಿಕಾರಿಗೆ ಅವರು ಮೂರು ಜನ. ನಿರ್ದೇಶಕರ ಗುರುತಿನ ಸಂಖ್ಯೆ ಪ್ಯಾನ್‌ನಲ್ಲಿ ಇದ್ದ ಹೆಸರಿನಂತೆಯೇ ಬರುತ್ತದೆ. ಆದ್ದರಿಂದ ಡಿಜಿಟಲ್ ಸಹಿ ಮಾಡಿಸುವ ಮೊದಲೇ ಆಧಾರ್ ಮತ್ತು ಪ್ಯಾನ್ ಎರಡನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಮೂರನ್ನೂ ನೋಡಿ. ಊರಿನ ಹೆಸರೂ ಕಾಡುತ್ತದೆ. 2014ರ ನವೆಂಬರ್ 1ಕ್ಕೆ ಬೆಲ್ಲರಿ ಹೋಗಿ ಬಳ್ಳಾರಿ ಬಂತು, ಹಳೇ ಕಾಗದಗಳಲ್ಲಿ ಇಂಗ್ಲಿಷ್ ಕಾಗುಣಿತ ಇನ್ನೂ ಹಳೆಯದೇ ಇದೆ. ಅರ್ಜಿಯಲ್ಲಿ ವಿಳಾಸವನ್ನು ಬಿಲ್ಲಿನಲ್ಲಿರುವಂತೆ ಅಕ್ಷರಕ್ಕಕ್ಷರ ಬರೆಯಿರಿ.

ಬಿಲ್ಲಿನ ಮಾತು ಬಂತು. ನೋಂದಾಯಿತ ಕಚೇರಿಗೆ ಪುರಾವೆಯಾಗಿ ಕರೆಂಟ್ ಬಿಲ್ಲೋ ನೀರಿನ ಬಿಲ್ಲೋ ಬೇಕು, ಎರಡು ತಿಂಗಳಿಗಿಂತ ಹಳೆಯದಿರಬಾರದು. ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಜೆಸ್ಕಾಂ ಬಿಲ್ಲು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಬರುತ್ತಿದೆ. ಅಜ್ಜ ಸಹಿ ಹಾಕಲು ಬರುವುದಿಲ್ಲ. ಪೌತಿ ಖಾತೆ ಮಾಡಿಸಿ, ಮೀಟರನ್ನು ಬದುಕಿರುವವರ ಹೆಸರಿಗೆ ವರ್ಗ ಮಾಡಿಸಿಯೇ ಅರ್ಜಿಗೆ ಕೂಡುವುದು ಜಾಣತನ. ಅದಕ್ಕೆ ಸಮಯ ಇಲ್ಲದಿದ್ದರೆ ಸರಿಯಾದ ದಾಖಲೆ ಇರುವ ಬೇರೆ ಜಾಗ ನೋಡಿ, ಬಾಡಿಗೆ ಕರಾರು ಮಾಡಿಕೊಳ್ಳಿ.

ಕಂಪನಿಯ ಹೆಸರಿಗೆ ಒಂದು ಅರ್ಜಿಯಲ್ಲಿ ಎರಡು ಆಯ್ಕೆ ಕೊಡಬಹುದು, ಶುಲ್ಕ 1,000 ರೂಪಾಯಿ. ಸಿಕ್ಕ ಹೆಸರು 20 ದಿನ ನಿಮ್ಮ ಹೆಸರಲ್ಲಿ ಇರುತ್ತದೆ, ಅಷ್ಟರಲ್ಲಿ ಎರಡನೇ ಭಾಗ ಮುಗಿಸಬೇಕು. ಬರೇ ಊರು ಮತ್ತು ಕಸುಬು ಸೇರಿಸಿ ಬಳ್ಳಾರಿ ಜೀನ್ಸ್ ಅಂತ ಕೇಳಿದರೆ ಸಿಗುವುದು ಕಷ್ಟ. ಇದ್ದ ಕಂಪನಿಗೆ ಹೋಲಬಾರದು, ಇನ್ನೊಬ್ಬರ ಟ್ರೇಡ್‌ಮಾರ್ಕಿಗೂ ಹೋಲಬಾರದು. ಉಡುಪು ಟ್ರೇಡ್‌ಮಾರ್ಕಿನಲ್ಲಿ 25ನೇ ವರ್ಗ, ಅಲ್ಲಿ ಹುಡುಕಿ ನೋಡಿಯೇ ಹೆಸರು ಆರಿಸಿ. ಬಟನ್ ಮೇಲೆ ಹೆಸರು ಅಚ್ಚು ಹಾಕಿಸಿದ ಮೇಲೆ ನೋಟಿಸ್ ಬಂದರೆ ಬಟನ್ ತೂಕಕ್ಕೆ ಹಾಕಬೇಕಾಗುತ್ತದೆ.

ಬಂಡವಾಳಕ್ಕೆ 2015ರಿಂದ ಕನಿಷ್ಠ ಮಿತಿ ಇಲ್ಲ. ಅಧಿಕೃತ ಬಂಡವಾಳ, ಅಂದರೆ ಕಂಪನಿ ಹೆಚ್ಚೆಂದರೆ ಎಷ್ಟು ಮೊತ್ತದ ಷೇರು ಕೊಡಬಹುದು ಎಂಬ ಮಿತಿ, 15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಶುಲ್ಕವೂ ಇಲ್ಲ, ರಾಜ್ಯದ ಸ್ಟ್ಯಾಂಪ್ ಶುಲ್ಕ ಮಾತ್ರ. ಇಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಷೇರು ಹಂಚಿಕೆಗೆ. ಪ್ರೀತಿ ಇರುವಾಗ ಎಲ್ಲರೂ ಅರ್ಧ ಅರ್ಧ ಅನ್ನುತ್ತಾರೆ. ಅರ್ಧ ಅರ್ಧ ಅಂದರೆ ಜಗಳ ಬಂದ ದಿನ ಯಾವ ನಿರ್ಣಯವೂ ಪಾಸಾಗುವುದಿಲ್ಲ, ಚೆಕ್‌ಬುಕ್ಕಿಗೆ ಸಹಿದಾರರನ್ನು ಬದಲಿಸಲೂ ಆಗುವುದಿಲ್ಲ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು, ವಿಶೇಷ ನಿರ್ಣಯಕ್ಕೆ ಬಿದ್ದ ಮತದಲ್ಲಿ ಮುಕ್ಕಾಲು ಪಾಲು. ಅಂದರೆ ಕಾಲು ಭಾಗಕ್ಕಿಂತ ಹೆಚ್ಚು ಷೇರು ಇದ್ದವನು ಕಂಪನಿಯ ನಿಯಮಾವಳಿ ಬದಲಾಗದಂತೆ ತಡೆಯಬಲ್ಲ. 51ಕ್ಕೆ 49 ಇಟ್ಟುಕೊಳ್ಳಿ, ಅದು ಮನಸ್ಸಿಗೆ ಒಗ್ಗದಿದ್ದರೆ ಇಬ್ಬರೂ ನಂಬುವ ಮೂರನೆಯವರಿಗೆ ಎರಡು ಪರ್ಸೆಂಟ್ ಕೊಡಿ. ಒಬ್ಬರು ಷೇರು ಮಾರುವುದಾದರೆ ಮೊದಲು ಯಾರಿಗೆ ಕೇಳಬೇಕು, ಬೆಲೆ ಯಾರು ಕಟ್ಟಬೇಕು, ಒಬ್ಬರು ತೀರಿಕೊಂಡರೆ ಏನು, ಇವನ್ನು ಮೊದಲೇ ನಿಯಮಾವಳಿಯಲ್ಲಿ ಸೇರಿಸಿ. ಕಾಯ್ದೆಯ ಮಾದರಿ ನಿಯಮಾವಳಿಯನ್ನು ಹಾಗೇ ಅಂಟಿಸುವುದು ಸುಲಭ, ಆದರೆ ಅಣ್ತಮ್ಮರ ಘಟಕಕ್ಕೆ ಅಂತ ಬರೆದದ್ದಲ್ಲ ಅದು.

ನೋಂದಣಿ ಪ್ರಮಾಣಪತ್ರ ಕೈಗೆ ಬಂದ ದಿನ ಪೇಡೆ ಹಂಚಿ ಮರೆತುಬಿಡುವವರೇ ಹೆಚ್ಚು. ಗಡಿಯಾರ ಓಡಲು ಶುರುವಾಗುವುದು ಆ ದಿನವೇ. 30 ದಿನದೊಳಗೆ ಮೊದಲ ನಿರ್ದೇಶಕರ ಸಭೆ, ಅದರಲ್ಲೇ ಆಡಿಟರ್ ನೇಮಕ. ಎರಡು ತಿಂಗಳೊಳಗೆ ಷೇರು ಪ್ರಮಾಣಪತ್ರ. 180 ದಿನದೊಳಗೆ ಐಎನ್‌ಸಿ 20ಎ ಫಾರ್ಮ್, ಅಂದರೆ ಷೇರು ಹಣ ಬಂದಿದೆ, ವ್ಯವಹಾರ ಶುರು ಮಾಡುತ್ತೇವೆ ಎಂಬ ಘೋಷಣೆ. ಇದನ್ನು ಸಲ್ಲಿಸದೆ ಕಂಪನಿ ವ್ಯಾಪಾರ ಮಾಡುವ ಹಾಗಿಲ್ಲ, ಸಾಲ ಎತ್ತುವ ಹಾಗೂ ಇಲ್ಲ. ತಪ್ಪಿದರೆ ಕಂಪನಿಗೆ 50,000 ರೂಪಾಯಿವರೆಗೆ ದಂಡ, ನಿರ್ದೇಶಕರಿಗೆ ದಿನದ ಲೆಕ್ಕದಲ್ಲಿ ಬೇರೆ. ಷೇರು ಹಣ ಅವರವರ ಸ್ವಂತ ಖಾತೆಯಿಂದಲೇ ಕಂಪನಿ ಖಾತೆಗೆ ಬರಬೇಕು. ತಮ್ಮನ ಪಾಲನ್ನೂ ಅಣ್ಣನೇ ಕಟ್ಟಿದರೆ, ಅಥವಾ ನಗದು ಒಯ್ದು ಜಮಾ ಮಾಡಿದರೆ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುವ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ಬಾಗಿಲಿಗೆ ಬೋರ್ಡು ಹಾಕಿ. ಇದು ತೋರಿಕೆಗಲ್ಲ. ಕಂಪನಿಯ ಹೆಸರು, ನೋಂದಾಯಿತ ವಿಳಾಸ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು ಕಂಪನಿ ಕಾಯ್ದೆಯೇ ಹೇಳುತ್ತದೆ, ಅಂದರೆ ನಮ್ಮಲ್ಲಿ ಕನ್ನಡ. ಕಂಪನಿಗಳ ರಿಜಿಸ್ಟ್ರಾರ್ ಕಚೇರಿಯವರಿಗೆ ಓಣಿಯ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದು ಜಾಗ ಪರಿಶೀಲಿಸುವ ಅಧಿಕಾರವೂ ಇದೆ.

ಹಳೇ ಅಂಗಡಿಯ ಜಿಎಸ್‌ಟಿ ನಂಬರು ಹೊಸ ಕಂಪನಿಗೆ ನಡೆಯುವುದಿಲ್ಲ, ಪ್ಯಾನ್ ಬೇರೆಯಾಯಿತಲ್ಲ. ಇಡೀ ವ್ಯವಹಾರ ವರ್ಗವಾಗುವುದಾದರೆ ಬರೆದ ಕರಾರು ಮಾಡಿಕೊಂಡು, ಉಳಿದ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ಖರೀದಿಯ ಮೇಲೆ ಮೊದಲೇ ಕಟ್ಟಿದ ಜಿಎಸ್‌ಟಿಯ ಜಮೆಯನ್ನು, ಐಟಿಸಿ 02 ಫಾರ್ಮಿನಲ್ಲಿ ಹೊಸ ನಂಬರಿಗೆ ವರ್ಗ ಮಾಡಬಹುದು. ಜೆಸ್ಕಾಂ ಸಂಪರ್ಕ, ವ್ಯಾಪಾರ ಪರವಾನಗಿ ಹೆಸರು ಬದಲಾಗಬೇಕು. ವಾಷಿಂಗ್ ಘಟಕವಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವೂ ಕಂಪನಿಯ ಹೆಸರಿಗೇ ಬೇಕು, ಅದನ್ನೇ ಕೊನೆಗೆ ಬಿಡಬೇಡಿ.

ಇನ್ನು ರೊಕ್ಕ. ಕಂಪನಿಯಿಂದ ಮನೆಗೆ ಹಣ ಹೋಗಲು ನೇರ ದಾರಿಗಳಿವೆ. ನಿರ್ದೇಶಕನಾಗಿ ದುಡಿದದ್ದಕ್ಕೆ ಸಂಬಳ, ಅದಕ್ಕೆ ಸಭೆಯ ನಿರ್ಣಯ ಬೇಕು, ಟಿಡಿಎಸ್ ಅಂದರೆ ಕೊಡುವಾಗಲೇ ತೆರಿಗೆ ಮುರಿದುಕೊಳ್ಳುವುದೂ ಆಗಬೇಕು. ಕಟ್ಟಡ ಅಪ್ಪನದಾಗಿದ್ದರೆ ಕರಾರಿನ ಮೇಲೆ ಬಾಡಿಗೆ. ನೀವು ಕಂಪನಿಗೆ ಕೊಟ್ಟ ಸಾಲ ಇದ್ದರೆ ಅದರ ವಾಪಸಾತಿ. ಲಾಭ ಉಳಿದರೆ ಡಿವಿಡೆಂಡ್. ಇವನ್ನು ಬಿಟ್ಟು ಹಬ್ಬಕ್ಕೆ ಅಂತ 50,000, ಮನೆ ಮಾಳಿಗೆಗೆ ಅಂತ 2 ಲಕ್ಷ ತೆಗೆದರೆ ಅದು ಲೆಕ್ಕದಲ್ಲಿ ನಿರ್ದೇಶಕನಿಗೆ ಕೊಟ್ಟ ಸಾಲವಾಗುತ್ತದೆ. ಅದಕ್ಕೆ ಕಂಪನಿ ಕಾಯ್ದೆ ಹೆಚ್ಚಿನ ಸಂದರ್ಭಗಳಲ್ಲಿ ಅಡ್ಡ ಬರುತ್ತದೆ. ತೆರಿಗೆಯವರು ಅದನ್ನೇ ಡಿವಿಡೆಂಡ್ ಎಂದು ಎಣಿಸಿ ತೆರಿಗೆ ಕೇಳಬಹುದು.

ಬರುವ ದಾರಿಗೂ ಬೇಲಿ ಇದೆ. ನಿರ್ದೇಶಕರು ಮತ್ತು ಅವರ ಹತ್ತಿರದ ಸಂಬಂಧಿಗಳು ಕಂಪನಿಗೆ ಸಾಲ ಕೊಡಬಹುದು, ಇದು ನಾನು ಬೇರೆಯವರಿಂದ ಸಾಲ ತಂದು ಕೊಟ್ಟದ್ದಲ್ಲ ಎಂದು ಬರೆದುಕೊಟ್ಟು. ಓಣಿಯವರಿಂದ, ಗೆಳೆಯರಿಂದ ಕೈಗಡ ತಂದು ಕಂಪನಿ ಖಾತೆಗೆ ಹಾಕಿದರೆ ಅದು ಠೇವಣಿ ಸಂಗ್ರಹವಾಗುತ್ತದೆ, ಅದಕ್ಕೆ ದಂಡ ಕೋಟಿಗಳವರೆಗೂ ಹೋಗಬಹುದು. ಸಾಲವನ್ನು 20,000 ರೂಪಾಯಿ ಅಥವಾ ಅದಕ್ಕೂ ಮೇಲೆ ನಗದಾಗಿ ತೆಗೆದುಕೊಳ್ಳುವಂತಿಲ್ಲ. ಒಬ್ಬರಿಗೆ ಒಂದು ದಿನದಲ್ಲಿ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ತೆರಿಗೆಯಲ್ಲಿ ಒಪ್ಪುವುದಿಲ್ಲ. ಶನಿವಾರದ ಬಟವಾಡೆ ಮೇಸ್ತ್ರಿಯ ಕೈಗೆ ಒಟ್ಟಾಗಿ ಕೊಡುವವರು ಇದನ್ನು ನೆನಪಿಡಿ. ಕಿರ್ದಿ ಖತಾವಣಿ ಕಂಪ್ಯೂಟರಿನಲ್ಲಿದ್ದರೆ, 2023ರ ಏಪ್ರಿಲ್‌ನಿಂದ ತಿದ್ದಿದ ಪ್ರತಿ ನಮೂದಿನ ಗುರುತು ಉಳಿಯುವ ತಂತ್ರಾಂಶವೇ ಆಗಬೇಕು. ಮಾರ್ಚ್ ಕೊನೆಗೆ ಕೂತು ಹಿಂದಿನದನ್ನು ಅಳಿಸಿ ಬರೆಯುವ ಕಾಲ ಹೋಯಿತು.

ವರ್ಷದ ತಾರೀಖುಗಳು ಹೀಗಿವೆ. ಜೂನ್ 30ಕ್ಕೆ ಸಾಲಗಳ ವಿವರದ ಡಿಪಿಟಿ 3 ಫಾರ್ಮ್. ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ, ಮೊದಲ ವರ್ಷಕ್ಕೆ ಮಾತ್ರ ಡಿಸೆಂಬರ್ ಕೊನೆಯವರೆಗೆ ಅವಕಾಶ. ಸಭೆಯಾದ 30 ದಿನದಲ್ಲಿ ಲೆಕ್ಕಪತ್ರದ ಎಒಸಿ 4, 60 ದಿನದಲ್ಲಿ ವಾರ್ಷಿಕ ವಿವರದ ಎಂಜಿಟಿ 7ಎ. ಸಣ್ಣ ಕಂಪನಿಯ ನಿರ್ದೇಶಕರು ಆರು ತಿಂಗಳಿಗೊಮ್ಮೆ, ಎರಡು ಸಭೆಗಳ ನಡುವೆ ಕನಿಷ್ಠ 90 ದಿನ ಬಿಟ್ಟು ಸೇರಬೇಕು, 30 ದಿನದೊಳಗೆ ನಡಾವಳಿ ಬರೆಯಬೇಕು. ಎಲ್‌ಎಲ್‌ಪಿಗೆ ಮೇ 30ಕ್ಕೆ ಫಾರ್ಮ್ 11, ಅಕ್ಟೋಬರ್ 30ಕ್ಕೆ ಫಾರ್ಮ್ 8. ಕಂಪನಿಯ ಎರಡು ಮುಖ್ಯ ಫಾರ್ಮು ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ. ಎರಡೂ ಒಂದು ವರ್ಷ ನಿಂತರೆ 73,000. ಗರಿಷ್ಠ ಮಿತಿ ಇಲ್ಲ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು, ಬೇರೆ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು.

ಸೀಮಿತ ಹೊಣೆ ಅಂದರೆ ಮನೆ ಮಠ ಪೂರ್ತಿ ಸುರಕ್ಷಿತ ಅಂದುಕೊಳ್ಳಬೇಡಿ. ಬ್ಯಾಂಕ್ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದಿರೋ, ಆ ಸಾಲದ ಮಟ್ಟಿಗೆ ಬೇಲಿ ನೀವೇ ಕಿತ್ತ ಹಾಗೆ. ಕಂಪನಿಯ ಚೆಕ್ ಬೌನ್ಸ್ ಆದರೆ ಸಹಿ ಹಾಕಿದ ನಿರ್ದೇಶಕನೂ ಆರೋಪಿ. ಪ್ರೈವೇಟ್ ಕಂಪನಿಯಿಂದ ಜಿಎಸ್‌ಟಿ ವಸೂಲಾಗದಿದ್ದರೆ ಆ ಅವಧಿಯ ನಿರ್ದೇಶಕರ ಮೇಲೆ ಬರುತ್ತದೆ, ತಮ್ಮ ನಿರ್ಲಕ್ಷ್ಯವಿರಲಿಲ್ಲ ಎಂದು ಅವರೇ ತೋರಿಸಬೇಕು. ಹೆಂಡತಿಯನ್ನೋ ತಾಯಿಯನ್ನೋ ಹೆಸರಿಗೆ ಮಾತ್ರ ನಿರ್ದೇಶಕಿ ಮಾಡುವವರು ಇದನ್ನು ಅವರಿಗೆ ಓದಿ ಹೇಳಿಯೇ ಸಹಿ ಹಾಕಿಸಬೇಕು.

ಆರ್ಡರ್ ನಿಂತು ಕಂಪನಿ ಬೇಡವಾದರೆ ಬೀಗ ಹಾಕಿ ಸುಮ್ಮನಾಗಬೇಡಿ, ಆಡಿಟ್ಟೂ ದಿನಕ್ಕೆ ನೂರರ ಲೆಕ್ಕವೂ ಓಡುತ್ತಲೇ ಇರುತ್ತವೆ. ಸಾಲ ತೀರಿಸಿ, ಬ್ಯಾಂಕ್ ಖಾತೆ ಮುಚ್ಚಿ, ಬಾಕಿ ಫಾರ್ಮುಗಳನ್ನು ಸಲ್ಲಿಸಿ, 10,000 ರೂಪಾಯಿ ಶುಲ್ಕ ಕಟ್ಟಿ ಎಸ್‌ಟಿಕೆ 2 ಅರ್ಜಿ ಹಾಕಬೇಕು. ಎಲ್‌ಎಲ್‌ಪಿಯಾದರೆ ಫಾರ್ಮ್ 24. ಜಿಎಸ್‌ಟಿ ನಂಬರನ್ನು ರದ್ದು ಮಾಡಿಸುವುದು ಬೇರೆಯೇ ಅರ್ಜಿ, ಅದು ತಾನಾಗಿ ಆಗುವುದಿಲ್ಲ.

ನಮಸ್ಕಾರ.