ಕೇಬಲ್ ಬಿಟ್ಟ ಮೇಲೆ: ಟಿವಿಗೆ ಯಾವ ಸಾಧನ, ಮನೆಗೆ ಸರ್ವರ್ ಬೇಕೇ?

ನಮಸ್ಕಾರ. ಕೇಬಲ್ ಅಥವಾ ಡಿಟಿಎಚ್ ಸಂಪರ್ಕವನ್ನು ತೆಗೆಸಬೇಕೆಂದು ತೀರ್ಮಾನಿಸಿದವರು ಸಾಮಾನ್ಯವಾಗಿ ಮೊದಲು ಅಂಗಡಿಗೆ ಹೋಗಿ ಯಾವ ಸ್ಟಿಕ್ ಒಳ್ಳೆಯದು ಎಂದು ವಿಚಾರಿಸುತ್ತಾರೆ. ಕಂಪ್ಯೂಟರ್ ಬಲ್ಲವರಾದರೆ ನೇರವಾಗಿ ಸರ್ವರ್ (ವಿಡಿಯೋಗಳನ್ನು ಇಟ್ಟುಕೊಂಡು ಟಿವಿಗೆ ಕಳುಹಿಸುವ ಮನೆಯ ಕಂಪ್ಯೂಟರ್), ನಾಸ್ (ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆ), ನಾಲ್ಕು ಹಾರ್ಡ್‌ಡಿಸ್ಕ್ ಎಂದು ಲೆಕ್ಕ ಹಾಕತೊಡಗುತ್ತಾರೆ. ಇವೆರಡಕ್ಕೂ ಮುಂಚೆ ಇತ್ಯರ್ಥವಾಗಬೇಕಾದದ್ದು, ಮನೆಯಲ್ಲಿ ಯಾರು ಏನು ನೋಡುತ್ತಾರೆ ಮತ್ತು ಅದು ಎಲ್ಲಿಂದ ಬರುತ್ತದೆ ಎಂಬುದು. ನಾನು ಹೇಳಹೊರಟಿರುವುದು ಇಷ್ಟು: ಹೆಚ್ಚಿನ ಮನೆಗಳಿಗೆ ಸರ್ವರ್ ಬೇಕಿಲ್ಲ, ಬೇಕಾದ ಮನೆಗಳಲ್ಲೂ ಹಣವನ್ನು ಮೊದಲು ಟಿವಿಗೆ ಚುಚ್ಚುವ ಸಾಧನಕ್ಕೆ ಹಾಕಿದರೆ, ಸರ್ವರ್‌ಗೆ ಸುರಿಯಬೇಕಾದ ಹಣ ಬಹಳಷ್ಟು ಉಳಿಯುತ್ತದೆ.

[ದೃಶ್ಯ: ಒಂದು ಕಾಗದದ ಮೇಲೆ ಬರೆದ ಚಾನೆಲ್‌ಗಳ ಪಟ್ಟಿ]

ಕಾಗದ ತೆಗೆದುಕೊಂಡು ಮನೆಯವರು ನಿಜವಾಗಿ ನೋಡುವ ಚಾನೆಲ್‌ಗಳನ್ನು ಬರೆಯಿರಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ವಾಹಿನಿಗಳ ಧಾರಾವಾಹಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದವು ಜೀ5ರಲ್ಲಿ, ಉದಯ ಟಿವಿಯವು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತವೆ. ಕನ್ನಡದ ಪ್ರಮುಖ ಸುದ್ದಿ ವಾಹಿನಿಗಳು ಯೂಟ್ಯೂಬ್‌ನಲ್ಲಿ ನೇರಪ್ರಸಾರ ನೀಡುತ್ತವೆ. ಚಂದನ ವಾಹಿನಿ ಡಿಡಿ ಫ್ರೀ ಡಿಶ್‌ನಲ್ಲಿ ಬರುತ್ತದೆ. 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸೇವೆಗೆ ಇಂದಿಗೂ ಮಾಸಿಕ ಶುಲ್ಕವಿಲ್ಲ, ಡಿಶ್ ಮತ್ತು ಬಾಕ್ಸ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು.

ಈಗ ಪಟ್ಟಿಯ ಪಕ್ಕದಲ್ಲಿ ಒಂದೊಂದು ಆ್ಯಪಿನ ವಾರ್ಷಿಕ ಚಂದಾವನ್ನು ಬರೆದು ಕೂಡಿಸಿ ನೋಡಿ. 2019ರ ಫೆಬ್ರುವರಿಯಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಹೊಸ ದರ ವ್ಯವಸ್ಥೆ ಜಾರಿಗೆ ಬಂದಾಗ, ಮೊದಲ 100 ಚಾನೆಲ್‌ಗಳಿಗೆ ತಿಂಗಳಿಗೆ 130 ರೂಪಾಯಿ ನೆಟ್‌ವರ್ಕ್ ಶುಲ್ಕ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಆಗುತ್ತಿತ್ತು. ಪಾವತಿ ಚಾನೆಲ್‌ಗಳ ಬೆಲೆ ಅದರ ಮೇಲೆ. ಅಲ್ಲಿಂದೀಚೆಗೆ ಬಿಲ್ಲು ಬೆಳೆದಿದೆ ಎಂಬುದು ನಿಜವಾದರೂ, ಮೂರು ಆ್ಯಪ್ ಮತ್ತು ಬ್ರಾಡ್‌ಬ್ಯಾಂಡ್ ಸೇರಿದಾಗ ಕೆಲವು ಮನೆಗಳಿಗೆ ಕೇಬಲ್ಲೇ ಅಗ್ಗವೆನಿಸಬಹುದು. ಹಾಗಿದ್ದರೆ ಬಿಡಬೇಡಿ. ಕ್ರಿಕೆಟ್ ನೋಡುವವರು ಇನ್ನೊಂದು ವಿಷಯವನ್ನೂ ತಿಳಿದಿರಬೇಕು: ಆ್ಯಪಿನ ನೇರಪ್ರಸಾರ ಡಿಶ್‌ಗಿಂತ ತಡವಾಗಿ ತಲುಪುವುದರಿಂದ, ವಿಕೆಟ್ ಬಿದ್ದದ್ದು ಪಕ್ಕದ ಮನೆಯವರ ಕೂಗಿನಿಂದಲೇ ನಿಮಗೆ ಗೊತ್ತಾಗುತ್ತದೆ.

ಸಾಧನದ ಆಯ್ಕೆಗೆ ಬರೋಣ. ಟಿವಿ ಈಚೆಗೆ ಕೊಂಡ ಸ್ಮಾರ್ಟ್ ಟಿವಿಯಾಗಿದ್ದು, ಬೇಕಾದ ಆ್ಯಪ್‌ಗಳೆಲ್ಲ ತಡವರಿಸದೆ ತೆರೆದುಕೊಳ್ಳುತ್ತಿದ್ದರೆ ಏನನ್ನೂ ಕೊಳ್ಳುವ ಅಗತ್ಯವಿಲ್ಲ. ಆದರೆ ಟಿವಿಯ ಪರದೆ ಹತ್ತು ವರ್ಷ ಬಾಳುತ್ತದೆ, ಅದರೊಳಗಿನ ತಂತ್ರಾಂಶ ಅಷ್ಟು ಬಾಳುವುದಿಲ್ಲ. ಆಗ ಇಡೀ ಟಿವಿಯನ್ನು ಬದಲಿಸುವ ಬದಲು ಎಚ್‌ಡಿಎಂಐ ಕಿಂಡಿಗೆ ಚುಚ್ಚುವ ಸ್ಟಿಕ್ ಅಥವಾ ಬಾಕ್ಸ್ ತರುವುದು ವಿವೇಕದ ದಾರಿ.

[ದೃಶ್ಯ: ಅಂಗಡಿಯಲ್ಲಿ ಸಾಲಾಗಿ ಇಟ್ಟ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್‌ಗಳು]

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚು ಜನ ಮೋಸ ಹೋಗುವುದು ಇಲ್ಲಿಯೇ. ಮಾರುಕಟ್ಟೆಯಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ, ಹೆಸರು ಕೇಳಿರದ ಕಂಪನಿಗಳ ಆಂಡ್ರಾಯ್ಡ್ ಬಾಕ್ಸ್‌ಗಳು ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡ್ ಟಿವಿಗಳಲ್ಲ. ಫೋನಿನ ಆಂಡ್ರಾಯ್ಡ್ ಅನ್ನೇ ಟಿವಿಗೆ ತೊಡಿಸಿದಂಥವು. ಇದರ ಮೊದಲ ಪರಿಣಾಮ ಚಿತ್ರದ ಗುಣಮಟ್ಟದಲ್ಲಿ ಕಾಣುತ್ತದೆ. ಹಣ ಪಡೆಯುವ ಆ್ಯಪ್‌ಗಳು ತಮ್ಮ ವಿಡಿಯೋವನ್ನು ವೈಡ್‌ವೈನ್ ಎಂಬ ಬೀಗ ಹಾಕಿ ಕಳುಹಿಸುತ್ತವೆ. ಸಾಧನಕ್ಕೆ ಆ ವ್ಯವಸ್ಥೆಯ ಎಲ್1 ಮಟ್ಟದ ಪ್ರಮಾಣೀಕರಣವಿಲ್ಲದೆ ಅದಕ್ಕಿಂತ ಕೆಳಗಿನ ಎಲ್3 ಮಾತ್ರ ಇದ್ದರೆ, ನೀವು 4ಕೆ ಚಂದಾ ಕಟ್ಟಿದ್ದರೂ ನೆಟ್‌ಫ್ಲಿಕ್ಸ್‌ನಂಥ ಸೇವೆ ಎಸ್‌ಡಿ, ಅಂದರೆ ಕಡಿಮೆ ಸ್ಪಷ್ಟತೆಯ ಚಿತ್ರವನ್ನಷ್ಟೇ ಕೊಡುತ್ತದೆ. ಡಬ್ಬಿಯ ಮೇಲೆ 8ಕೆ ಎಂದು ಬರೆದಿದ್ದರೂ ಇದು ಬದಲಾಗುವುದಿಲ್ಲ.

ಎರಡನೆಯ ಪರಿಣಾಮ ಇನ್ನೂ ಕೆಟ್ಟದ್ದು. 2023ರಲ್ಲಿ ಟಿ95 ಎಂಬ ಹೆಸರಿನ ಅಗ್ಗದ ಬಾಕ್ಸ್‌ಗಳು ಕೊಂಡವರ ಕೈಸೇರುವ ಮೊದಲೇ ಕುತಂತ್ರಾಂಶ ಹೊತ್ತು ಬರುತ್ತಿದ್ದುದು ಬೆಳಕಿಗೆ ಬಂತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ, ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಸಾರ್ವಜನಿಕ ಎಚ್ಚರಿಕೆ ನೀಡಿತು. ಇಂತಹ ಬಾಕ್ಸ್ ನಿಮ್ಮ ಮನೆಯ ವೈಫೈ ಒಳಗೆ ಕುಳಿತು, ನಿಮಗೆ ತಿಳಿಯದಂತೆ ಬೇರೆಯವರ ದಂಧೆಗೆ ನಿಮ್ಮ ಇಂಟರ್ನೆಟ್ ಸಂಪರ್ಕವನ್ನು ಬಾಡಿಗೆಗೆ ಬಿಡುತ್ತದೆ. ಎಲ್ಲ ಚಾನೆಲ್ಲೂ ಉಚಿತ ಎಂದು ಹೇಳಿ ಮಾರುವ ಬಾಕ್ಸ್ ಅನ್ನು ನಾನು ಯಾರಿಗೂ, ಯಾವ ಬೆಲೆಗೂ ಶಿಫಾರಸು ಮಾಡುವುದಿಲ್ಲ.

ಉಳಿದ ಆಯ್ಕೆಗಳು ಸರಳ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್ ಸುಲಭವಾಗಿ ಸಿಗುತ್ತದೆ, ಹಿರಿಯರಿಗೂ ರಿಮೋಟ್ ಬೇಗ ಒಗ್ಗುತ್ತದೆ. ಆದರೆ ಮುಖಪುಟದ ತುಂಬ ಜಾಹೀರಾತು, ಮತ್ತು ಹೆಚ್ಚಿನ ಮಾದರಿಗಳಲ್ಲಿ ಸಂಗ್ರಹ 8 ಜಿಬಿ ಮಾತ್ರ. ಹೆಸರುವಾಸಿ ಕಂಪನಿಗಳ ಗೂಗಲ್ ಟಿವಿ ಬಾಕ್ಸ್‌ಗಳಲ್ಲಿ ಆ್ಯಪ್‌ಗಳ ಆಯ್ಕೆ ವಿಶಾಲ. ಆಪಲ್ ಟಿವಿ 4ಕೆ ದುಬಾರಿ, ಆದರೆ ಚುರುಕು. ಅದರ 2022ರ ಮಾದರಿಯನ್ನು ಕೊಳ್ಳುವವರು ಇಂಟರ್ನೆಟ್ ವೈರ್ ಚುಚ್ಚುವ ಎತರ್ನೆಟ್ ಕಿಂಡಿ 128 ಜಿಬಿಯ ಆವೃತ್ತಿಯಲ್ಲಿ ಮಾತ್ರ ಇದೆ ಎಂಬುದನ್ನು ಮರೆಯಬಾರದು. ಯಾವುದನ್ನೇ ತಂದರೂ ಅದು ಶಾಶ್ವತವಲ್ಲ. 2025ರ ಮಾರ್ಚ್‌ನಲ್ಲಿ ಟಿವಿಗೆ ಚುಚ್ಚುವ ಗೂಗಲ್‌ನ ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳೆಲ್ಲ ಒಮ್ಮೆಲೇ ಕೆಲಸ ನಿಲ್ಲಿಸಿದವು. ಒಳಗಿದ್ದ ಹತ್ತು ವರ್ಷದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದದ್ದೇ ಕಾರಣ. ಗೂಗಲ್ ಕೆಲವೇ ದಿನಗಳಲ್ಲಿ ಅದನ್ನು ಸರಿಪಡಿಸಿತಾದರೂ, ಆ ಸಾಲಿನ ಸಾಧನಗಳ ತಯಾರಿಕೆ 2024ರಲ್ಲೇ ನಿಂತುಹೋಗಿತ್ತು.

ಇಷ್ಟಕ್ಕೇ ನಿಮ್ಮ ಅಗತ್ಯ ತೀರಿದ್ದರೆ ವಿಡಿಯೋವನ್ನು ಇಲ್ಲಿಗೇ ನಿಲ್ಲಿಸಬಹುದು. ಮನೆಯಲ್ಲಿ ಸ್ವಂತ ವಿಡಿಯೋಗಳಿದ್ದವರು ಮುಂದೆ ನೋಡಿ: ಮದುವೆಯ ಡಿವಿಡಿಗಳು, ಕ್ಯಾಸೆಟ್‌ನಿಂದ ಇಳಿಸಿದ ಉಪನಯನ, ಫೋನಿನಲ್ಲಿ ತೆಗೆದ ಮಕ್ಕಳ ಶಾಲಾ ವಾರ್ಷಿಕೋತ್ಸವ, ಹಣ ಕೊಟ್ಟು ಕೊಂಡ ಸಿನಿಮಾ ಡಿಸ್ಕ್‌ಗಳು, ಸಂಗೀತ ಕಛೇರಿಗಳ ಧ್ವನಿಮುದ್ರಣ. ಸರ್ವರ್ ಅರ್ಥ ಪಡೆಯುವುದು ಇಂತಹ ಸಂಗ್ರಹ ಇದ್ದಾಗ ಮಾತ್ರ.

ಸರ್ವರ್ ಎರಡು ರೀತಿಯಲ್ಲಿ ಕೆಲಸ ಮಾಡುತ್ತದೆ. ಫೈಲ್ ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಟಿವಿಯ ಸಾಧನಕ್ಕೆ ಅದನ್ನು ಓದಲು ಬಂದರೆ, ಸರ್ವರ್ ಫೈಲನ್ನು ಹಾಗೆಯೇ ದಾಟಿಸುತ್ತದೆ. ಇದನ್ನು ಡೈರೆಕ್ಟ್ ಪ್ಲೇ ಎನ್ನುತ್ತಾರೆ, ಹಳೆಯ ಲ್ಯಾಪ್‌ಟಾಪ್‌ಗೂ ಇದು ಭಾರವಲ್ಲ. ಸಾಧನಕ್ಕೆ ಓದಲು ಬಾರದಿದ್ದರೆ ಸರ್ವರ್ ಆ ಕ್ಷಣದಲ್ಲೇ ವಿಡಿಯೋವನ್ನು ಬಿಚ್ಚಿ ಬೇರೆ ರೂಪಕ್ಕೆ ಕಟ್ಟಿ ಕಳುಹಿಸಬೇಕಾಗುತ್ತದೆ, ಇದು ಟ್ರಾನ್ಸ್‌ಕೋಡಿಂಗ್. ಫ್ಯಾನ್ ಜೋರಾಗಿ ತಿರುಗುವುದು, ಚಿತ್ರ ತಡೆತಡೆದು ಬರುವುದು, ಕೊನೆಗೆ ದೊಡ್ಡ ಪ್ರೊಸೆಸರ್ ಬೇಕೆನಿಸುವುದು ಇದರಿಂದಲೇ.

[ದೃಶ್ಯ: ಜೆಲ್ಲಿಫಿನ್ ಎಂಬ ಸರ್ವರ್ ತಂತ್ರಾಂಶದಲ್ಲಿ ಒಂದು ವಿಡಿಯೋ ಓಡುತ್ತಿದೆ, ಪ್ಲೇಬ್ಯಾಕ್ ಮಾಹಿತಿಯ ಕಿಟಕಿ ತೆರೆದಿದೆ]

ಪರದೆಯನ್ನು ಗಮನಿಸಿ. ಇದು 1080ಪಿ ಗಾತ್ರದ, ಎಚ್.264 ರೂಪದ ಸಾಮಾನ್ಯ ಫೈಲ್. ಪ್ಲೇ ಮೆಥಡ್ ಎಂಬಲ್ಲಿ ಡೈರೆಕ್ಟ್ ಪ್ಲೇ ಎಂದು ಬಂದಿದೆ, ಸರ್ವರ್ ಹೆಚ್ಚುಕಡಿಮೆ ಸುಮ್ಮನಿದೆ. ಈಗ ಬ್ಲೂರೇ ಡಿಸ್ಕಿನಿಂದ ಬಂದ ಸಬ್‌ಟೈಟಲ್ ಅನ್ನು ಆನ್ ಮಾಡುತ್ತೇನೆ. ಮರುಕ್ಷಣವೇ ಅದು ಟ್ರಾನ್ಸ್‌ಕೋಡಿಂಗ್‌ಗೆ ತಿರುಗಿತು, ಸಬ್‌ಟೈಟಲ್ ರೂಪಕ್ಕೆ ಬೆಂಬಲವಿಲ್ಲ ಎಂಬ ಕಾರಣವೂ ಕೆಳಗೆ ಕಾಣುತ್ತಿದೆ. ಬ್ಲೂರೇಯ ಸಬ್‌ಟೈಟಲ್‌ಗಳು ಅಕ್ಷರಗಳಲ್ಲ, ಚಿತ್ರಗಳು. ಅವುಗಳನ್ನು ಓದಬಲ್ಲ ಪ್ಲೇಯರ್ ಇಲ್ಲದಿದ್ದರೆ ಸರ್ವರ್ ಪ್ರತಿಯೊಂದು ಫ್ರೇಮಿನ ಮೇಲೂ ಅವನ್ನು ಅಚ್ಚೊತ್ತಬೇಕಾಗುತ್ತದೆ. ಅದೇ ಸಂಭಾಷಣೆ ಎಸ್‌ಆರ್‌ಟಿ ಎಂಬ ಬರಿಯ ಪಠ್ಯದ ಫೈಲಿನಲ್ಲಿದ್ದರೆ ಈ ತೊಂದರೆ ಇರುವುದಿಲ್ಲ.

ಕನ್ನಡದ ಸಬ್‌ಟೈಟಲ್ ಹಾಕುವವರಿಗೆ ಇನ್ನೊಂದು ಕಾಟವಿದೆ. ಕೆಲವು ಸಾಧನಗಳಲ್ಲಿ ಕನ್ನಡದ ಬದಲು ಖಾಲಿ ಚೌಕಗಳು ಕಾಣುತ್ತವೆ. ಇನ್ನು ಕೆಲವುಗಳಲ್ಲಿ ಒತ್ತಕ್ಷರ ಕೆಳಗೆ ಇಳಿಯದೆ, ವ್ಯಂಜನಗಳು ಬಿಡಿಬಿಡಿಯಾಗಿ ನಿಂತುಬಿಡುತ್ತವೆ. ಮೊದಲನೆಯದು ಫಾಂಟ್ ಇಲ್ಲದ ಸಮಸ್ಯೆ: ಜೆಲ್ಲಿಫಿನ್‌ನ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಬದಲಿ ಫಾಂಟ್‌ಗಳ ಫೋಲ್ಡರ್ ಒಂದನ್ನು ಸೂಚಿಸಿ, ಅದರಲ್ಲಿ ನೋಟೋ ಸಾನ್ಸ್ ಕನ್ನಡದಂಥ ಉಚಿತ ಫಾಂಟ್ ಇಟ್ಟು ನೋಡಬಹುದು. ಎರಡನೆಯದು ಆ ಪ್ಲೇಯರ್‌ಗೆ ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದ ಸಮಸ್ಯೆ. ಅದಕ್ಕೆ ಪ್ಲೇಯರ್ ಆ್ಯಪನ್ನೇ ಬದಲಿಸಬೇಕು.

ಶಬ್ದದಲ್ಲೂ ಇದೇ ಕತೆ. ಸ್ಯಾಮ್‌ಸಂಗ್ 2018ರಿಂದ ತನ್ನ ಟಿವಿಗಳಲ್ಲಿ ಡಿಟಿಎಸ್ ಎಂಬ ಧ್ವನಿ ರೂಪಕ್ಕೆ ಬೆಂಬಲ ಕೊಡುವುದನ್ನು ಬಿಟ್ಟಿತು, ಎಲ್‌ಜಿ 2020ರಲ್ಲಿ ಬಿಟ್ಟು 2023ರ ಕೆಲವು ಮಾದರಿಗಳಲ್ಲಿ ಮರಳಿ ತಂದಿತು. ಹೀಗಾಗಿ ಚಿತ್ರ ಬಂದು ಶಬ್ದ ಬರದಿದ್ದರೆ ಸರ್ವರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಇನ್ನು ಮದುವೆಯ ಡಿವಿಡಿಗಳಲ್ಲಿರುವುದು 720×576 ಗಾತ್ರದ, ಗೆರೆ ಬಿಟ್ಟು ಗೆರೆ ದಾಖಲಾದ ಎಂಪೆಗ್-2 ವಿಡಿಯೋ. ಇಂದಿನ ಪರದೆಯ ಮೇಲೆ ಅಲುಗಾಡುವ ಕೈಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುವುದು ಅದರಿಂದ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಆಯ್ಕೆ ಹಾಕಿ ಒಮ್ಮೆ ಎಂಪಿ4ಗೆ ಬದಲಿಸಿಕೊಂಡರೆ, ಆಮೇಲೆ ಯಾವ ಸ್ಟಿಕ್‌ನಲ್ಲಾದರೂ ಅದು ನೇರವಾಗಿ ಓಡುತ್ತದೆ. ಮೂಲ ಡಿಸ್ಕಿನ ಪ್ರತಿಯನ್ನು ಮಾತ್ರ ಅಳಿಸಬೇಡಿ.

ಇದರಿಂದ ನಾನು ಮೊದಲು ಹೇಳಿದ ಮಾತಿಗೆ ಕಾರಣ ಸಿಕ್ಕಿರಬೇಕು. ಹೆಚ್ಚು ರೂಪಗಳನ್ನು ಓದಬಲ್ಲ ಪ್ಲೇಯರ್ ಇದ್ದಾಗ ಸರ್ವರ್ ಬರಿಯ ಉಗ್ರಾಣವಾಗುತ್ತದೆ.

ಆ ಉಗ್ರಾಣಕ್ಕೆ ಯಾವ ಯಂತ್ರ? ಒಂದೇ ಟಿವಿಯ ಮನೆಯಲ್ಲಿ ಬಾಕ್ಸ್‌ಗೆ ಹಾರ್ಡ್‌ಡಿಸ್ಕ್ ಚುಚ್ಚಿ ಕೋಡಿ ಎಂಬ ಪ್ಲೇಯರ್ ಆ್ಯಪ್ ಹಾಕಿಕೊಂಡರೂ ಸಾಕು. ಎರಡು ಮೂರು ಟಿವಿ, ಫೋನ್‌ಗಳಿದ್ದರೆ ಇಂಟೆಲ್ ಎನ್100 ಚಿಪ್ ಇರುವ ಪುಟ್ಟ ಕಂಪ್ಯೂಟರ್ ನನ್ನ ಮೊದಲ ಆಯ್ಕೆ. 2023ರಲ್ಲಿ ಬಂದ ಈ ಚಿಪ್ಪಿನ ವಿದ್ಯುತ್ ಮಿತಿ 6 ವ್ಯಾಟ್, ಮತ್ತು ಅದರೊಳಗಿನ ಕ್ವಿಕ್ ಸಿಂಕ್ ಘಟಕ ಬೇಕಾದಾಗ ಟ್ರಾನ್ಸ್‌ಕೋಡಿಂಗ್ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ 5 ಆಕರ್ಷಕವಾಗಿ ಕಂಡರೂ ಅದರಲ್ಲಿ ವಿಡಿಯೋ ಎನ್‌ಕೋಡ್ ಮಾಡುವ, ಅಂದರೆ ಬೇರೆ ರೂಪಕ್ಕೆ ಕಟ್ಟುವ ಹಾರ್ಡ್‌ವೇರ್ ಇಲ್ಲ. ಈ ಕೆಲಸಕ್ಕೆ ಅದು ಬೇಡ. ನಾಸ್ ಕೊಳ್ಳುವವರು ಡಿಸ್ಕ್‌ಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಲಿ.

ಮೂಲೆಯಲ್ಲಿ ಬಿದ್ದಿರುವ ಹಳೆಯ ಡೆಸ್ಕ್‌ಟಾಪ್ ಬಿಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ಅದು ಸುಮ್ಮನೆ ಉರಿಯುವಾಗಲೂ 60 ವ್ಯಾಟ್ ಎಳೆದರೆ ದಿನದ 24 ಗಂಟೆಯ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 43 ಯೂನಿಟ್. 10 ವ್ಯಾಟಿನ ಪುಟ್ಟ ಯಂತ್ರಕ್ಕೆ ಬೀಳುವುದು 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಉಳಿಯಲು ನೋಡುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ. ಕರೆಂಟ್ ಹೋಗಿ ಬರುವ ಊರಾದರೆ ಯಂತ್ರವನ್ನೂ ರೂಟರನ್ನೂ ಯುಪಿಎಸ್ ಮೇಲೆ ಇಡಬೇಕು.

ತಂತ್ರಾಂಶದಲ್ಲಿ ಪೈಪೋಟಿ ಇರುವುದು ಪ್ಲೆಕ್ಸ್ ಮತ್ತು ಜೆಲ್ಲಿಫಿನ್ ನಡುವೆ. ಪ್ಲೆಕ್ಸ್ ನಯವಾಗಿದೆ, ಹೆಚ್ಚುಕಡಿಮೆ ಎಲ್ಲ ಟಿವಿಗಳಿಗೂ ಅದರ ಆ್ಯಪ್ ಇದೆ. ಆದರೆ 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿನಿಂದ ನಿಮ್ಮದೇ ವಿಡಿಯೋ ನೋಡುವುದಕ್ಕೂ ಅದು ಶುಲ್ಕ ಕೇಳುತ್ತಿದೆ. ಎಂಬಿ (Emby) ಎಂಬ ಸರ್ವರ್ ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿಕೊಂಡಾಗ 2018ರ ಡಿಸೆಂಬರಿನಲ್ಲಿ ಅದರಿಂದ ಕವಲೊಡೆದ ಜೆಲ್ಲಿಫಿನ್ ಪೂರ್ತಿ ಉಚಿತ, ಖಾತೆಯೂ ನಿಮ್ಮ ಮನೆಯೊಳಗೇ ಉಳಿಯುತ್ತದೆ. ಸ್ವಲ್ಪ ಕೈಕೆಲಸಕ್ಕೆ ಸಿದ್ಧರಿದ್ದವರಿಗೆ ನಾನು ಜೆಲ್ಲಿಫಿನ್ ಅನ್ನೇ ಹೇಳುತ್ತೇನೆ.

ಜಾಲದ ಬಗ್ಗೆ ಎರಡು ಮಾತು. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್ ಮಾತ್ರ. 4ಕೆ ಬ್ಲೂರೇ ಫೈಲ್ ಅದರ ಹಲವು ಪಟ್ಟು, ಕೆಲವು ದೃಶ್ಯಗಳಲ್ಲಿ 100 ಎಂಬಿಪಿಎಸ್ ದಾಟಿಯೂ ಕೇಳಬಹುದು. ಸೋಜಿಗವೆಂದರೆ ಅನೇಕ 4ಕೆ ಟಿವಿಗಳ ಎತರ್ನೆಟ್ ಕಿಂಡಿ 100 ಎಂಬಿಪಿಎಸ್‌ಗೇ ಸೀಮಿತ, ಅಲ್ಲಿ 5 ಗಿಗಾಹರ್ಟ್ಸ್ ವೈಫೈ ವೈರ್‌ಗಿಂತ ವೇಗವಾಗಿರುತ್ತದೆ. ಆದರೆ ಆ ವೈಫೈ ಕಾಂಕ್ರೀಟ್ ಗೋಡೆ ದಾಟುವಾಗ ಸೊರಗುತ್ತದೆ, ಆದ್ದರಿಂದ ಸರ್ವರನ್ನಾದರೂ ವೈರಿನಲ್ಲೇ ರೂಟರ್‌ಗೆ ಜೋಡಿಸಿ.

ಹೊರದೇಶದಲ್ಲಿರುವ ಮಗಳು ಊರಿನ ಮನೆಯ ಸರ್ವರಿನಿಂದ ತಂಗಿಯ ಮದುವೆ ನೋಡಬೇಕೆಂದರೆ ನಿಮ್ಮ ಸಂಪರ್ಕದ ಅಪ್‌ಲೋಡ್ ವೇಗ ಮುಖ್ಯವಾಗುತ್ತದೆ. ನಮ್ಮಲ್ಲಿ ಹಲವು ಬ್ರಾಡ್‌ಬ್ಯಾಂಡ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ, ರೂಟರಿನಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ತಲುಪಲಾರರು. ಪೋರ್ಟ್ ತೆರೆಯುವುದು ಸುರಕ್ಷಿತವೂ ಅಲ್ಲ. ಟೈಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಆ್ಯಪನ್ನು ಸರ್ವರಿನಲ್ಲೂ ಮಗಳ ಸಾಧನದಲ್ಲೂ ಹಾಕಿದರೆ ಎರಡೂ ಒಂದೇ ಮನೆಯಲ್ಲಿದ್ದಂತೆ ಮಾತಾಡಿಕೊಳ್ಳುತ್ತವೆ. ಮನೆಬಳಕೆಗೆ ಅದರ ಉಚಿತ ಯೋಜನೆ ಸಾಕಾಗುತ್ತದೆ.

ಕೊನೆಗೆ ಡಿಸ್ಕ್. ಎರಡು ಡಿಸ್ಕ್ ಹಾಕಿ ರೇಡ್ ಮಾಡಿಕೊಂಡ, ಅಂದರೆ ಒಂದೇ ಫೈಲ್ ಎರಡರಲ್ಲೂ ಬರೆಯುವಂತೆ ಜೋಡಿಸಿದ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ತಿಳಿಯಬೇಡಿ. ತಪ್ಪಾಗಿ ಅಳಿಸಿದ ಫೈಲ್ ಎರಡರಿಂದಲೂ ಒಟ್ಟಿಗೆ ಹೋಗುತ್ತದೆ. ಸಿನಿಮಾ ಮತ್ತೆ ಸಿಗುತ್ತದೆ, ಅಜ್ಜಿಯ ಧ್ವನಿಯಿರುವ ವಿಡಿಯೋ ಸಿಗುವುದಿಲ್ಲ. ಹಾಗಾಗಿ ಸಿನಿಮಾಗಳನ್ನು ಬಿಟ್ಟು, ಮನೆಯ ವಿಡಿಯೋಗಳ ಫೋಲ್ಡರನ್ನಷ್ಟೇ ಇನ್ನೊಂದು ಪೋರ್ಟಬಲ್ ಡಿಸ್ಕಿಗೆ ನಕಲಿಸಿ ಬೇರೆ ಮನೆಯಲ್ಲಿ ಇರಿಸಿ, ವರ್ಷದಲ್ಲಿ ಒಂದೆರಡು ಬಾರಿ ಅದನ್ನು ತರಿಸಿ ಹೊಸ ಫೈಲ್‌ಗಳನ್ನು ಸೇರಿಸಿ, ಹಳೆಯ ಕೆಲವನ್ನು ತೆರೆದು ಕೊನೆಯವರೆಗೆ ಓಡುತ್ತವೆಯೇ ಎಂದು ನೋಡಿ.