ಆಟಿಸಂ ಇರುವ ಮಗು ಅರಿವು ಕೇಂದ್ರಕ್ಕೆ ಬಂದಾಗ
(ಕೊಪ್ಪಳ ಜಿಲ್ಲೆಯ ಗ್ರಾಮ ಪಂಚಾಯತಿ ಗ್ರಂಥಪಾಲಕರಿಗಾಗಿ ನೀಡಿದ ಉಪನ್ಯಾಸ)

ಗ್ರಂಥಪಾಲಕ ಬಂಧುಗಳೇ,

ಅರಿವು ಕೇಂದ್ರಕ್ಕೆ, ಅಂದರೆ ನಮ್ಮ ಪಂಚಾಯತಿ ಗ್ರಂಥಾಲಯಕ್ಕೆ, ಬರುವ ಆಟಿಸಂ ಇರುವ ಮಗುವಿಗೆ ಬೇರೆ ಕೋಣೆ ಬೇಕಿಲ್ಲ, ದುಬಾರಿ ಸಾಮಾನೂ ಬೇಕಿಲ್ಲ. ಮುಂದೇನು ಆಗುತ್ತದೆ ಅನ್ನೋದು ಅದಕ್ಕೆ ಮೊದಲೇ ಗೊತ್ತಿರಬೇಕು. ನಾನು ಇವತ್ತು ಹೇಳಬೇಕಾದದ್ದೆಲ್ಲ ಇದರ ಸುತ್ತಲೇ ಇದೆ.

ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ತಾಯಿ ಸರಿಯಾಗಿ ಸಾಕಲಿಲ್ಲ ಎಂದು ಬಂದದ್ದಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಇದೂ ಒಂದು. ಆದ್ದರಿಂದ ಈ ಮಗುವನ್ನು ಒಳಗೆ ಕರೆಯುವುದು ನಮ್ಮ ದೊಡ್ಡ ಮನಸ್ಸಲ್ಲ, ಅದರ ಹಕ್ಕು. ಗುನುಗುವ, ಕೈ ಅಲ್ಲಾಡಿಸುವ, ಕುಂತಲ್ಲೇ ತೂಗಾಡುವ ಮಗುವನ್ನು ಕರೆತಂದ ತಾಯಿ 'ನಿಶ್ಶಬ್ದವಾಗಿರಿ' ಫಲಕ ನೋಡಿ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಾಳೆ. ದಿನಕ್ಕೆ ಒಂದು ತಾಸಾದರೂ ಆ ಫಲಕವನ್ನು ತೆಗೆದಿಡಿ. ಜನ ಕಡಿಮೆ ಇರುವ ಹೊತ್ತು ಯಾವುದೆಂದು ಹಾಜರಿ ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಆ ತಾಸನ್ನು ವಾರವಾರ ಬದಲಿಸಬೇಡಿ.

ಮೊದಲು ಬೆಳಕು ಮತ್ತು ಸದ್ದು. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ. ನಮಗೆ ಅದು ಗಮನಕ್ಕೇ ಬರುವುದಿಲ್ಲ, ಕೆಲವು ಮಕ್ಕಳಿಗೆ ತಡೆಯಲಾಗುವುದಿಲ್ಲ. ಎಲ್‌ಇಡಿ ಹಾಕಿಸಿದರೂ ಅಗ್ಗದ್ದಾದರೆ ಅದೂ ಮಿನುಗಬಹುದು. ಮೊಬೈಲ್ ಕ್ಯಾಮೆರಾವನ್ನು ದೀಪಕ್ಕೆ ಹಿಡಿಯಿರಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಿದರೆ ಆ ದೀಪ ಮಿನುಗುತ್ತಿದೆ. ಮಗು ಕೂರುವ ಮೂಲೆಯ ಆ ಒಂದು ದೀಪ ಆರಿಸಿ ಕಿಟಕಿ ತೆರೆದರೂ ಸಾಕು. ಕಿರ್ ಕಿರ್ ಅನ್ನುವ ಫ್ಯಾನಿಗೆ ಎಣ್ಣೆ ಬಿಡಿಸಿ. ನಮ್ಮ ಬೇಸಿಗೆಯಲ್ಲಿ ಕೂಲರ್ ಬೇಡ ಅನ್ನಲಾಗದು, ಆದರೆ ಮಗುವನ್ನು ಅದರ ಎದುರು ಕೂರಿಸಬೇಡಿ.

ಇನ್ನು ಫೋಟೋ ಸಾಲು. ನನ್ನ ಪ್ರಕಾರ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ. ನಿಮ್ಮ ಕೇಂದ್ರದ್ದೇ ಆರು ಫೋಟೋ ತೆಗೆಯಿರಿ: ಬಾಗಿಲು, ಚಪ್ಪಲಿ ಬಿಡುವ ಜಾಗ, ಪುಸ್ತಕದ ಕಪಾಟು, ಕೂರುವ ಜಮಖಾನ, ಪುಸ್ತಕ ಬರೆಸುವ ಮೇಜು, ಮತ್ತೆ ಹೊರಗೆ ಹೋಗುವ ಬಾಗಿಲು. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲಿರಲಿ, ಸುಮಾರು ಮೂರು ಅಡಿ. ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ಒಂದು ರಟ್ಟಿನ ಮೇಲೆ ವೆಲ್ಕ್ರೋದಿಂದ ಅಂಟಿಸಿ. ಒಂದೊಂದು ಹಂತ ಮುಗಿದ ಹಾಗೆ ಮಗು ಆ ಫೋಟೋ ಕಿತ್ತು 'ಮುಗೀತು' ಡಬ್ಬಿಗೆ ಹಾಕಬೇಕು. ಇದೇ ಫೋಟೋಗಳನ್ನು ವಾಟ್ಸಾಪಿನಲ್ಲಿ ತಾಯಿಗೆ ಕಳಿಸಿ, ಹಿಂದಿನ ರಾತ್ರಿಯೇ ತೋರಿಸಲು ಹೇಳಿ.

ಇದು ಕೆಡುವುದು ಮೂರು ಕಡೆ. ಇಂಟರ್‌ನೆಟ್ಟಿನಿಂದ ಯಾವುದೋ ಊರಿನ ಗ್ರಂಥಾಲಯದ ಚಿತ್ರ ಇಳಿಸಿಕೊಂಡರೆ ಮಗು ಆ ಗ್ರಂಥಾಲಯವನ್ನೇ ಹುಡುಕುತ್ತದೆ. ಹತ್ತು ಹನ್ನೆರಡು ಚಿತ್ರ ಅಂಟಿಸಿದರೆ ದಾರಿ ತಪ್ಪುತ್ತದೆ. ಕಪಾಟು ಸರಿಸಿ ಫೋಟೋ ಬದಲಿಸದಿದ್ದರೆ ಹಾಳೆ ಸುಳ್ಳು ಹೇಳಿದಂತಾಗುತ್ತದೆ, ಮುಂದೆ ಮಗು ಅದನ್ನು ನಂಬುವುದಿಲ್ಲ. ಏಳನೆಯ ಕಾರ್ಡು ಒಂದನ್ನು ಮಾತ್ರ ಬೇರೆಯಾಗಿ ಇಟ್ಟುಕೊಳ್ಳಿ: 'ಕರೆಂಟು ಹೋಯಿತು'. ನಿಂತ ಫ್ಯಾನು, ತೆರೆದ ಕಿಟಕಿಯ ಚಿತ್ರ ಅದರಲ್ಲಿರಲಿ. ಕರೆಂಟು ಇದ್ದಾಗಲೇ ಒಂದೆರಡು ಸಲ ಮೇನ್ ಆಫ್ ಮಾಡಿ, ಕಾರ್ಡು ತೋರಿಸಿ ರೂಢಿ ಮಾಡಿಸಿ.

ಮಾತು ಕಡಿಮೆ ಇರಲಿ. ಒಂದು ಸಲಕ್ಕೆ ಒಂದೇ ಮಾತು, ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರಲಿಲ್ಲವೆಂದು ಅದೇ ಪ್ರಶ್ನೆಯನ್ನು ಬೇರೆ ಶಬ್ದಗಳಲ್ಲಿ ಕೇಳಿದರೆ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. 'ಓಡಬ್ಯಾಡ' ಅನ್ನುವ ಬದಲು 'ನಡಕೋಂತ ಬಾ' ಅನ್ನಿ. 'ನಿನ್ನ ಹೆಸರೇನು?' ಎಂದರೆ 'ನಿನ್ನ ಹೆಸರೇನು?' ಎಂದೇ ತಿರುಗಿ ಹೇಳಬಹುದು. ಅದು ಅಣಕವಲ್ಲ. ಕೇಳಿದ್ದನ್ನು ಹಾಗೇ ಹೇಳುತ್ತಲೇ ಅನೇಕ ಆಟಿಸಂ ಮಕ್ಕಳು ಮಾತು ಕಲಿಯುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡು ಎಂದು ಒತ್ತಾಯಿಸಬೇಡಿ. ಅತ್ತ ನೋಡುತ್ತಲೇ ಅದು ಕೇಳಿಸಿಕೊಳ್ಳುತ್ತಿರುತ್ತದೆ.

ಪುಸ್ತಕದ ವಿಷಯಕ್ಕೆ ಬರೋಣ. ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಕೊಟ್ಟ ಗ್ರಂಥಾಲಯದ ಐದು ಸೂತ್ರಗಳಲ್ಲಿ 'ಪ್ರತಿ ಓದುಗನಿಗೂ ಅವನ ಪುಸ್ತಕ' ಎಂಬುದೂ ಒಂದೆಂದು ನಿಮಗೆಲ್ಲ ಗೊತ್ತು. ಈ ಮಗುವಿನ ಪುಸ್ತಕ ಕತೆ ಪುಸ್ತಕವೇ ಆಗಬೇಕಿಲ್ಲ. ರೈಲಿನ ವೇಳಾಪಟ್ಟಿ, ಭೂಪಟ, ಟ್ರ್ಯಾಕ್ಟರಿನ ಚಿತ್ರಗಳು, ಹಳೆಯ ಕ್ಯಾಲೆಂಡರು ಆಗಬಹುದು. ಒಂದೇ ಪುಸ್ತಕ ಎಂಟನೆಯ ಸಲ ಕೇಳಿದರೂ ಬರೆದು ಕೊಡಿ, ನವೀಕರಣದ ಮಿತಿ ಇಲ್ಲಿ ಸಡಿಲಿಸಿ. ಮಾತೇ ಬಾರದ ಮಗುವಿಗೆ ಓದಲೂ ಬಾರದು ಎಂದು ತಿಳಿಯಬೇಡಿ. ಹಾಗೆಯೇ ನಾಲ್ಕು ವರ್ಷಕ್ಕೇ ಪತ್ರಿಕೆ ಪಟಪಟ ಓದುವ ಮಗುವಿಗೆ ಅರ್ಥವೂ ಆಯಿತೆಂದು ತಿಳಿಯಬೇಡಿ, ಜನರೆದುರು ಓದಿಸಿ ತೋರಿಸಲೂ ಬೇಡಿ.

ಕತೆ ಹೇಳುವಾಗ ಐದಾರು ಮಕ್ಕಳು, ಹದಿನೈದು ನಿಮಿಷ ಸಾಕು. ಮೈಕ್ ಬೇಡ. ಚಪ್ಪಾಳೆಗೆ ಬದಲು ಕೈ ಬೀಸಿ. ಯಾರ ಜಾಗ ಯಾವುದೆಂದು ನೆಲಕ್ಕೆ ಬಣ್ಣದ ಟೇಪು ಹಚ್ಚಿ. ಮುಗಿಯುವ ಐದು ನಿಮಿಷ ಮೊದಲೇ ತಿಳಿಸಿ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಮಗು ಕಿವಿ ಮುಚ್ಚಿಕೊಂಡು ಚೀರುತ್ತದೆ, ನೆಲಕ್ಕೆ ಬೀಳುತ್ತದೆ. ಹಠ ಹಿಡಿದ ಮಗು ಯಾರಾದರೂ ನೋಡುತ್ತಿದ್ದಾರಾ ಎಂದು ನೋಡುತ್ತದೆ, ಬೇಡಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಇದು ಹಾಗಲ್ಲ, ತಾಳಿಕೆ ಮೀರಿದ್ದು. ಆಗ ಬೈಗುಳವೂ ಸಮಾಧಾನದ ಮಾತೂ ಎರಡೂ ಹೆಚ್ಚಿನ ಸದ್ದೇ. ಉಳಿದವರನ್ನು ಹೊರಗೆ ಕಳಿಸಿ, ದೀಪ ಆರಿಸಿ, ತಲೆಗೆ ತಾಗುವ ಬೆಂಚು ಸರಿಸಿ, ದೂರ ಕೂತು ಕಾಯಿರಿ. ಹಿಡಿದೆತ್ತಬೇಡಿ. ಯಾರೂ ಮೊಬೈಲಿನಲ್ಲಿ ವಿಡಿಯೋ ತೆಗೆಯದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ. ಮೂಲೆಯಲ್ಲೊಂದು ಭಾರದ ಕೌದಿ ಇಟ್ಟಿರಿ. ಮಗು ತಾನಾಗಿ ಎಳೆದುಕೊಂಡರೆ ಸರಿ, ನಾವು ಹೊದಿಸಬಾರದು, ಮುಖಕ್ಕಂತೂ ಬರಲೇಬಾರದು. ಎಲ್ಲ ತಣ್ಣಗಾದ ಮೇಲೆ ಅದಕ್ಕೆ ಹತ್ತು ನಿಮಿಷ ಮೊದಲು ಏನಾಗಿತ್ತೆಂದು ಬರೆದಿಡಿ. ನಾಲ್ಕೈದು ಸಲದ ಬರಹ ಒಟ್ಟಿಗೆ ನೋಡಿದರೆ ಕಾರಣ ಬಹುತೇಕ ಅಲ್ಲೇ ಸಿಗುತ್ತದೆ.

ಗಂಗಾವತಿ, ಕಾರಟಗಿ ಕಡೆಯವರಿಗೆ ಒಂದು ವಿಶೇಷ ಮಾತು. ಇಂಥ ಅನೇಕ ಮಕ್ಕಳು ಹೇಳದೆ ಕೇಳದೆ ಹೊರಟುಬಿಡುತ್ತಾರೆ, ಅವರಿಗೆ ನೀರಿನ ಸೆಳೆತ ಹೆಚ್ಚು. ನಿಮ್ಮಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ಅದರ ಉಪಕಾಲುವೆಗಳು ಊರ ಮಗ್ಗುಲಲ್ಲೇ ಹರಿಯುತ್ತವೆ. ಬಾಗಿಲು ತೆರೆದರೆ ಸದ್ದಾಗುವಂತೆ ಗೆಜ್ಜೆ ಕಟ್ಟಿ. ನಿಮ್ಮ ಕುರ್ಚಿ ಬಾಗಿಲ ಕಡೆಗಿರಲಿ. ಮಗು ಕಾಣದಿದ್ದರೆ ಮೊದಲು ಕಾಲುವೆ, ಹೊಂಡ, ಬಾವಿ ಕಡೆ ಓಡಿ, ಬೀದಿ ಹುಡುಕುವುದು ಆಮೇಲೆ.

ಯಾವ ಮಗುವಿಗೂ 'ಇದಕ್ಕೆ ಆಟಿಸಂ ಇದೆ' ಎಂದು ನೀವು ಹೇಳಬೇಡಿ, ಅದು ವೈದ್ಯರ ಕೆಲಸ. ತಂದೆತಾಯಿಯೇ ಕೇಳಿದರೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿಯ, ಅರ್ಜಿಗೆ ನಿಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯೂ, ನೆರವಾಗುತ್ತಾರೆ. ಯಾವ ಮನೆಯಲ್ಲಿ ಇಂಥ ಮಗು ಹೊರಗೆ ಬಾರದೆ ಉಳಿದಿದೆ ಎಂಬುದು ಅವರಿಗೆ ತಿಳಿದಿರುತ್ತದೆ. ಅವರ ಜೊತೆಗೇ ಆ ಮನೆಗೆ ಹೋಗಿ, ಫೋಟೋ ಸಾಲು ತೋರಿಸಿ, ಫಲಕ ತೆಗೆದಿಡುವ ಆ ತಾಸು ಯಾವುದೆಂದು ತಾಯಿಗೆ ಹೇಳಿ ಬನ್ನಿ.