ಎದುರಿಗೆ ಯಾರು ಕೂತಿದ್ರು?

ಎಲ್ರಿಗೂ ನಮಸ್ಕಾರ. ನಮ್ಮ ಹಳೇ ದರ್ಶನ ಗ್ರಂಥಗಳನ್ನ ಕಾಲ ದೇಶ ಏನೂ ಇಲ್ದೆ ಆಕಾಶದಿಂದ ಉದುರಿದ ಮಾತು ಅನ್ನೋ ಥರ ಓದೋ ಅಭ್ಯಾಸ ನಮಗಿದೆ, ನಾನೂ ವರ್ಷಗಟ್ಲೆ ಹಾಗೇ ಓದ್ದೆ, ಆಮೇಲೆ ಗೊತ್ತಾಯ್ತು ಇವುಗಳಲ್ಲಿ ಬಹಳಷ್ಟು ವಾದ ಅಂತ, ಎದುರಿಗೆ ಯಾರೋ ಕೂತಿದಾರೆ, ಅವರಿಗೆ ಕೊಟ್ಟ ಉತ್ತರ ಮಾತ್ರ ನಮ್ಮ ಕಿವಿಗೆ ಬೀಳ್ತಿದೆ.

ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದ ಮೂಲ ಗ್ರಂಥ ನ್ಯಾಯಸೂತ್ರ, ಅದರ ಎರಡನೇ ಅಧ್ಯಾಯದಲ್ಲಿ ಪ್ರಮಾಣದ, ಅಂದ್ರೆ ಸರಿಯಾದ ತಿಳಿವು ಕೊಡೋ ಸಾಧನದ ಚರ್ಚೆ ನಡೀವಾಗ ಇದ್ದಕ್ಕಿದ್ದ ಹಾಗೆ ದೀಪದ ಬೆಳಕಿನ ಹೋಲಿಕೆ ಬರುತ್ತೆ. ಸೂತ್ರ ಮಾತ್ರ ಓದಿದ್ರೆ ತಲೆಬುಡ ತಿಳಿಯಲ್ಲ. ಈಗ ಬೌದ್ಧ ದಾರ್ಶನಿಕ ನಾಗಾರ್ಜುನನ ವಿಗ್ರಹವ್ಯಾವರ್ತನಿ ಅನ್ನೋ ಪುಸ್ತಕ ಪಕ್ಕದಲ್ಲಿಟ್ಕೊಳ್ಳಿ. ಅವನು ಕೇಳ್ತಾನೆ, ಎಲ್ಲಾನೂ ಪ್ರಮಾಣದಿಂದ ಗೊತ್ತಾಗುತ್ತೆ ಅಂತೀರಲ್ಲ, ಆ ಪ್ರಮಾಣ ಯಾವುದರಿಂದ ಗೊತ್ತಾಯ್ತು, ಇನ್ನೊಂದು ಪ್ರಮಾಣದಿಂದನಾ, ಹಾಗಾದ್ರೆ ಅದಕ್ಕೆ ಮತ್ತೊಂದು ಬೇಕು, ಕೊನೆಯೇ ಇಲ್ಲ. ಬೆಂಕಿ ತನ್ನನ್ನೂ ಬೆಳಗುತ್ತೆ ಬೇರೇದನ್ನೂ ಬೆಳಗುತ್ತೆ, ಪ್ರಮಾಣನೂ ಹಾಗೇ ಅಂದ್ರೆ, ಬೆಂಕಿಯೊಳಗೆ ಕತ್ತಲೇ ಇಲ್ವಲ್ಲ, ಮತ್ತೆ ತನ್ನನ್ನ ಬೆಳಗೋದು ಹೇಗೆ ಅಂತಾನೆ. ಎಂಥ ಪ್ರಶ್ನೆ ನೋಡಿ! ಯಾರು ಮೊದಲು ಬರೆದ್ರು ಅನ್ನೋದ್ರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ, ಆದ್ರೆ ಎರಡನ್ನೂ ಒಟ್ಟಿಗೆ ಓದಿದಾಗ ಒಂದೇ ವಾದದ ಎರಡು ದನಿ ಕೇಳಿಸುತ್ತೆ. ಈ ನಾಗಾರ್ಜುನನ ಪುಸ್ತಕದ ಸಂಸ್ಕೃತ ಮೂಲ ನಮ್ಮ ಕೈತಪ್ಪಿ ಹೋಗಿತ್ತು, ಟಿಬೆಟನ್, ಚೀನಿ ಅನುವಾದ ಮಾತ್ರ ಇದ್ವು, 1936ರಲ್ಲಿ ವಿದ್ವಾಂಸ ರಾಹುಲ ಸಾಂಕೃತ್ಯಾಯನರಿಗೆ ಟಿಬೆಟ್ಟಿನ ಒಂದು ಮಠದಲ್ಲಿ ಪ್ರತಿ ಸಿಕ್ತು.

ಪರಲೋಕ ಒಪ್ಪದ ಚಾರ್ವಾಕರ ಸೂತ್ರಗಳಂತೂ ಪೂರ್ತಿಯಾಗಿ ಉಳೀಲೇ ಇಲ್ಲ, ವಿರೋಧಿಗಳು ಪೂರ್ವಪಕ್ಷದಲ್ಲಿ, ಅಂದ್ರೆ ಖಂಡಿಸೋಕೆ ಮುಂಚೆ ಎದುರಾಳಿಯ ವಾದ ಹೇಳೋ ಭಾಗದಲ್ಲಿ ಬರೆದಿಟ್ಟಿದ್ದೇ ಹೆಚ್ಚು. ಅದಕ್ಕೇ ಪೂರ್ವಪಕ್ಷ ಬಂದಾಗ ಹಾರಿಸಿ ಸೀದಾ ಸಿದ್ಧಾಂತಕ್ಕೆ, ಅಂದ್ರೆ ಗ್ರಂಥಕಾರನ ಸ್ವಂತ ತೀರ್ಮಾನಕ್ಕೆ ಹೋಗ್ಬೇಡಿ ದಯವಿಟ್ಟು.

ಉಪನಿಷತ್ತಲ್ಲೂ ಅಷ್ಟೇ. ಬೃಹದಾರಣ್ಯಕದಲ್ಲಿ ವಿದೇಹದ ಜನಕ ಯಜ್ಞ ಮಾಡ್ತಾನೆ, ಕುರು ಪಾಂಚಾಲದಿಂದ ಬ್ರಾಹ್ಮಣರು ಬಂದಿದಾರೆ, 1000 ಹಸು, ಒಂದೊಂದರ ಕೊಂಬಿಗೂ ಚಿನ್ನ ಕಟ್ಟಿದೆ, ನಿಮ್ಮಲ್ಲಿ ಹೆಚ್ಚಿನ ಜ್ಞಾನಿ ಯಾರೋ ಅವ್ರು ಹೊಡ್ಕೊಂಡು ಹೋಗಿ ಅಂತಾನೆ. ಯಾಜ್ಞವಲ್ಕ್ಯ ಯಾರನ್ನೂ ಕೇಳ್ದೆ ಶಿಷ್ಯನಿಗೆ ಹಸು ಹೊಡ್ಕೊಂಡು ಹೋಗಪ್ಪಾ ಅಂದುಬಿಡ್ತಾನೆ. ಬ್ರಹ್ಮದ ಬಗ್ಗೆ ಗಾರ್ಗಿ ಕೇಳೋ ಆಳವಾದ ಪ್ರಶ್ನೆ ಬರೋದು ಇದೇ ಸಭೆಯಲ್ಲಿ, ರಾಜನ ಸಂಪತ್ತು, ದೂರದ ಪಂಡಿತರ ಪೈಪೋಟಿ ಎಲ್ಲದರ ನಡುವೆ.

ಕಷ್ಟ ಏನಂದ್ರೆ ಈ ಗ್ರಂಥ ಬರೆದವರಲ್ಲಿ ಹೆಚ್ಚಿನವರು ತಾವು ಯಾವಾಗ ಬದುಕಿದ್ವಿ ಅಂತ ಹೇಳೋದೇ ಇಲ್ಲ. ನ್ಯಾಯ ದರ್ಶನದ ಪಂಡಿತ ಉದಯನ ಹೇಳ್ತಾನೆ. ತನ್ನ ಲಕ್ಷಣಾವಲಿ ಗ್ರಂಥದ ಶ್ಲೋಕದಲ್ಲಿ ತರ್ಕ, ಅಂಬರ, ಅಂಕ ಅಂತಾನೆ, ಒಂದೊಂದು ಪದನೂ ಒಂದು ಅಂಕಿಯ ಸಂಕೇತ, ಅಂದ್ರೆ ಆರು, ಸೊನ್ನೆ, ಒಂಬತ್ತು, ತಿರುಗಿಸಿ ಓದಿದ್ರೆ ಶಕವರ್ಷ 906, ಕ್ರಿಸ್ತಶಕ 984. ವಾಚಸ್ಪತಿ ಅನ್ನೋ ಇನ್ನೊಬ್ಬ ಪಂಡಿತನ ಗ್ರಂಥಕ್ಕೆ ಇವನು ಬರೆದ ವ್ಯಾಖ್ಯಾನ ಇದೆ, ಹಾಗಾಗಿ ವಾಚಸ್ಪತಿ ಇವನಿಗಿಂತ ಹಿಂದಿನವನು, ವಾಚಸ್ಪತಿ ಯಾರನ್ನ ಖಂಡಿಸ್ತಾನೋ ಅವ್ರು ಇನ್ನೂ ಹಿಂದಿನವರು, ಹೀಗೆ ಒಂದು ಶ್ಲೋಕ ಹಿಡ್ಕೊಂಡು ಹಿಂದಕ್ಕೆ ನಡೀತಾ ಹೋಗ್ಬಹುದು.